ದುಡಿಮೆಯ ತಾಣದಲ್ಲಿ ಮಾನವ ವರ್ತನೆ: ಧಾರಾವಿಯ ನಿದರ್ಶನ

(ಉಪನ್ಯಾಸದ ಪಾಠ)

ಒಂದು ಉದ್ದೇಶದ ಸಾಧನೆಗಾಗಿ ಇಬ್ಬರು ಅಥವಾ ಹೆಚ್ಚು ಜನ ತಮ್ಮ ಶ್ರಮವನ್ನು ಅರಿತು ಹೊಂದಿಸಿಕೊಂಡಾಗ ಅಲ್ಲೊಂದು ಸಂಘಟನೆ ಹುಟ್ಟುತ್ತದೆ. ಅಮೆರಿಕದ ಚೆಸ್ಟರ್ ಬರ್ನಾರ್ಡ್ 1938ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿಪಾದಿಸಿದ ಈ ವಿಚಾರವು ಇಂದಿಗೂ ಮಾನ್ಯವಾಗಿದೆ. ಇದರಲ್ಲಿ ಕಟ್ಟಡದ ಪ್ರಸ್ತಾಪವಿಲ್ಲ, ಯಂತ್ರದ ಪ್ರಸ್ತಾಪವಿಲ್ಲ, ಬಂಡವಾಳದ ಪ್ರಸ್ತಾಪವೂ ಇಲ್ಲ. ಇರುವುದು ಮನುಷ್ಯರು, ಅವರ ಉದ್ದೇಶ ಹಾಗೂ ಅವರ ನಡುವಣ ಹೊಂದಾಣಿಕೆ ಮಾತ್ರ. ಇವು ಮೂರೂ ಯಾವ ನಿಯಮಗಳಿಗೆ ಅನುಸಾರವಾಗಿ ನಡೆಯುತ್ತವೆ ಎಂಬುದನ್ನು ಪರಿಶೀಲಿಸುವ ಶಾಸ್ತ್ರವೇ ಸಂಘಟನಾತ್ಮಕ ವರ್ತನೆಯ ಅಧ್ಯಯನ.

ಈ ಶಾಸ್ತ್ರದ ಪಠ್ಯಗಳಲ್ಲಿ ಉದಾಹರಣೆಗಳು ಸಾಮಾನ್ಯವಾಗಿ ದೊಡ್ಡ ಉಕ್ಕಿನ ಕಾರ್ಖಾನೆಗಳಿಂದಲೋ ದೂರವಾಣಿ ಉಪಕರಣಗಳ ತಯಾರಿಕಾ ಘಟಕಗಳಿಂದಲೋ ಬರುತ್ತವೆ. ಆದರೆ ಭಾರತದ ದುಡಿಯುವ ಜನರಲ್ಲಿ ಬಹುಪಾಲು ಮಂದಿ ಇರುವುದು ಅಸಂಘಟಿತ ವಲಯದಲ್ಲಿ. ಈ ಪದವೇ ಒಂದು ತಪ್ಪು ಅಭಿಪ್ರಾಯಕ್ಕೆ ಎಡೆಮಾಡಿಕೊಡುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅಸಂಘಟಿತವಾದದ್ದು ಮಾನವ ಸಂಬಂಧಗಳ ದೃಷ್ಟಿಯಲ್ಲಿಯೂ ಅಸಂಘಟಿತವಾಗಿರಬೇಕಾಗಿಲ್ಲ. ಇದನ್ನು ಮನಗಾಣಲು ಮುಂಬಯಿಯ ಧಾರಾವಿಗಿಂತ ಉತ್ತಮವಾದ ನಿದರ್ಶನ ದೊರೆಯುವುದು ಕಷ್ಟ.

ಧಾರಾವಿಯ ಹಿನ್ನೆಲೆ

ಮಾಹಿಮ್ ಹಾಗೂ ಸಾಯನ್‌ಗಳ ನಡುವೆ, ಮೀಠೀ ನದಿಯ ದಕ್ಷಿಣಕ್ಕೆ, ಎರಡು ಚದರ ಕಿಲೋಮೀಟರಿಗಿಂತ ತುಸು ಹೆಚ್ಚಿನ ಪ್ರದೇಶದಲ್ಲಿ ಧಾರಾವಿ ಹರಡಿದೆ. ಇಲ್ಲಿನ ಜನಸಂಖ್ಯೆಯನ್ನು ಬೇರೆ ಬೇರೆ ಅಂದಾಜುಗಳು 6 ಲಕ್ಷದಿಂದ 10 ಲಕ್ಷದವರೆಗೆ ಹೇಳುತ್ತವೆ. ಮೂಲತಃ ಇದು ಕೋಳಿ ಜನಾಂಗದ ಬೆಸ್ತರ ಊರು. ಹತ್ತೊಂಬತ್ತನೆಯ ಶತಮಾನದ ಅಂತ್ಯಭಾಗದಲ್ಲಿ ಇಲ್ಲಿ ಚರ್ಮ ಹದಗೊಳಿಸುವ ಉದ್ಯಮ ನೆಲೆಯೂರಿತು. ತಮಿಳುನಾಡಿನ ತಿರುನೆಲ್ವೇಲಿ ಕಡೆಯ ಮುಸ್ಲಿಮರು ಅದರಲ್ಲಿ ಪ್ರಮುಖ ಪಾತ್ರ ವಹಿಸಿದರು. 1930ರ ದಶಕದ ಆರಂಭದಲ್ಲಿ ಸೌರಾಷ್ಟ್ರದ ಕುಂಬಾರರು ನಗರದ ಇತರ ಭಾಗಗಳಿಂದ ಸ್ಥಳಾಂತರಗೊಂಡು ಇಲ್ಲಿಗೆ ಬಂದರು. ಅವರು ನೆಲೆಸಿದ ಕುಂಭಾರವಾಡ ಇಂದಿಗೂ ಗಡಿಗೆ, ಹಣತೆಗಳಿಗೆ ಹೆಸರಾಗಿದೆ. ಮುಂದೆ ಉತ್ತರ ಪ್ರದೇಶ, ಬಿಹಾರಗಳಿಂದ ಕಸೂತಿ ಹಾಗೂ ಹೊಲಿಗೆಯ ಕೆಲಸಗಾರರು ಬಂದರು. ಹದಿಮೂರನೆಯ ಕಾಂಪೌಂಡ್ ಎಂದು ಕರೆಯಲಾಗುವ ಭಾಗದಲ್ಲಿ ನಗರದ ತ್ಯಾಜ್ಯ ಪ್ಲಾಸ್ಟಿಕ್ಕನ್ನು ಬಗೆಬಗೆಯಾಗಿ ವಿಂಗಡಿಸಿ, ಪುಡಿ ಮಾಡಿ, ತೊಳೆದು, ಮಾಡಿನ ಮೇಲೆ ಒಣಗಿಸಿ ಮತ್ತೆ ಕಚ್ಚಾ ವಸ್ತುವನ್ನಾಗಿಸುವ ಉದ್ಯಮ ಬೆಳೆಯಿತು.

ಇಲ್ಲಿನ ಬಹುತೇಕ ಘಟಕಗಳು ಒಂದೆರಡು ಕೋಣೆಗಳವು. 1948ರ ಕಾರ್ಖಾನೆ ಕಾಯ್ದೆಯು ವಿದ್ಯುತ್ ಬಳಸುವೆಡೆ 10, ಬಳಸದೆಡೆ 20 ಕೆಲಸಗಾರರಿದ್ದಲ್ಲಿ ಮಾತ್ರ ಅದನ್ನು ಕಾರ್ಖಾನೆ ಎಂದು ಪರಿಗಣಿಸಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತೆ, ಆರೋಗ್ಯ ಹಾಗೂ ಕಾರ್ಯಪರಿಸ್ಥಿತಿಗಳ ಸಂಹಿತೆಯು ಈ ಮಿತಿಗಳನ್ನು ಕ್ರಮವಾಗಿ 20 ಮತ್ತು 40ಕ್ಕೆ ಏರಿಸಿತು. ಹೀಗಾಗಿ ನಾಲ್ಕಾರು ಜನ ದುಡಿಯುವ ಕೋಣೆಯಲ್ಲಿ ಲಿಖಿತ ನಿಯಮಗಳಿಗಿಂತ ಮನುಷ್ಯ ಮನುಷ್ಯರ ನಡುವಣ ನಡವಳಿಕೆಯೇ ಬಲವಾದ ಆಡಳಿತವಾಗಿ ಪರಿಣಮಿಸುತ್ತದೆ.

ವ್ಯಕ್ತಿ ಮತ್ತು ಅವನ ಅಗತ್ಯಗಳು

ವರ್ತನೆಯ ಅಧ್ಯಯನದಲ್ಲಿ ಮೊದಲನೆಯ ಘಟಕ ವ್ಯಕ್ತಿ. ಮನುಷ್ಯ ಏಕೆ ದುಡಿಯುತ್ತಾನೆ? ಹಣಕ್ಕಾಗಿ ಎಂಬುದು ಸುಲಭವಾದ ಉತ್ತರ. 1911ರಲ್ಲಿ ವೈಜ್ಞಾನಿಕ ನಿರ್ವಹಣೆಯ ತತ್ತ್ವಗಳನ್ನು ಪ್ರಕಟಿಸಿದ ಫ್ರೆಡರಿಕ್ ಟೇಲರ್ ಹೆಚ್ಚುಕಡಿಮೆ ಈ ನಂಬಿಕೆಯ ಮೇಲೆಯೇ ತನ್ನ ಪದ್ಧತಿಯನ್ನು ಕಟ್ಟಿದನು. ಪ್ರತಿಯೊಂದು ಚಲನೆಯನ್ನೂ ಅಳೆದು, ಅತ್ಯುತ್ತಮ ವಿಧಾನವನ್ನು ಗೊತ್ತುಪಡಿಸಿ, ಹೆಚ್ಚು ಮಾಡಿದವನಿಗೆ ಹೆಚ್ಚು ಕೊಟ್ಟರೆ ಸಮಸ್ಯೆ ಪರಿಹಾರವಾಗುವುದೆಂಬುದು ಅವನ ನಿಲುವು.

1943ರಲ್ಲಿ ಅಬ್ರಹಾಂ ಮ್ಯಾಸ್ಲೋ ಇದಕ್ಕಿಂತ ವಿಶಾಲವಾದ ಚಿತ್ರವನ್ನು ನೀಡಿದನು. ಹಸಿವು ನೀರಡಿಕೆಗಳು, ಸುರಕ್ಷತೆ, ಆತ್ಮೀಯ ಸಂಬಂಧ, ಗೌರವ, ಕೊನೆಯದಾಗಿ ತನ್ನೊಳಗಿನ ಶಕ್ತಿಯ ಪೂರ್ಣ ವಿಕಾಸ ಎಂದು ಮಾನವನ ಅಗತ್ಯಗಳನ್ನು ಅವನು ಶ್ರೇಣೀಕರಿಸಿದನು. ಕೆಳಗಿನ ಮೆಟ್ಟಿಲು ಸಾಕಷ್ಟು ತುಂಬಿದ ಮೇಲೆ ಮೇಲಿನ ಮೆಟ್ಟಿಲಿನ ಸೆಳೆತ ಪ್ರಬಲವಾಗುತ್ತದೆ ಎಂಬುದು ಅವನ ವಾದದ ತಿರುಳು. ಆದರೆ ಈ ಮೆಟ್ಟಿಲುಗಳು ಎಲ್ಲೆಡೆಯೂ ಇದೇ ಕ್ರಮದಲ್ಲಿರುತ್ತವೆ ಎಂಬುದಕ್ಕೆ ನಂತರದ ಸಂಶೋಧನೆಗಳಲ್ಲಿ ದೃಢವಾದ ಆಧಾರ ದೊರೆತಿಲ್ಲ. ಧಾರಾವಿಯ ಜೀವನವೂ ಈ ಸಂದೇಹವನ್ನೇ ಸಮರ್ಥಿಸುತ್ತದೆ. ಹೊಲಿಗೆ ಯಂತ್ರದ ಪಕ್ಕದಲ್ಲಿಯೇ ಮಲಗಿ, ಗಳಿಕೆಯ ದೊಡ್ಡ ಭಾಗವನ್ನು ಹುಟ್ಟೂರಿಗೆ ಕಳುಹಿಸುವ ಕೆಲಸಗಾರನ ಮಟ್ಟಿಗೆ ಕುಟುಂಬದ ಗೌರವವು ತನ್ನ ಸುಖನಿದ್ರೆಗಿಂತ ಮೊದಲಿನ ಅಗತ್ಯ.

ಮುಂಬಯಿಯ ಕನ್ನಡಿಗರ ಇತಿಹಾಸದಲ್ಲಿಯೂ ಇದಕ್ಕೆ ಉಜ್ವಲವಾದ ಸಾಕ್ಷ್ಯವಿದೆ. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದ ಕರಾವಳಿಯ ಹುಡುಗರು ರಾತ್ರಿ ಶಾಲೆಗಳಲ್ಲಿ ಕಲಿತು ಮುಂದೆ ಬಂದರು. ಹೊಟ್ಟೆ ತುಂಬಿದ ಮೇಲೆಯೇ ವಿದ್ಯೆಯ ಹಸಿವು ಎಂದು ಅವರು ಕಾಯಲಿಲ್ಲ. ದುಡಿಮೆಗಾರನ ಬೆಳವಣಿಗೆಯ ಆಸೆಯನ್ನು ಗುರುತಿಸುವುದು ಉದ್ಯಮಿಯ ಔದಾರ್ಯವಲ್ಲ, ವಿವೇಕ.

1959ರಲ್ಲಿ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು ಇನ್ನೊಂದು ಉಪಯುಕ್ತ ಭೇದವನ್ನು ಮುಂದಿಟ್ಟರು. ಸಂಬಳ, ಮೇಲ್ವಿಚಾರಣೆ, ಕೆಲಸದ ಪರಿಸರ ಮೊದಲಾದವು ಕೆಟ್ಟರೆ ಅಸಮಾಧಾನ ಹುಟ್ಟುತ್ತದೆ. ಆದರೆ ಅವು ಸರಿಯಿದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ. ಉತ್ಸಾಹದ ಮೂಲವಿರುವುದು ಸಾಧನೆ, ಮನ್ನಣೆ, ಹೊಣೆಗಾರಿಕೆಗಳಲ್ಲಿ. ಹದಿಮೂರನೆಯ ಕಾಂಪೌಂಡಿನ ಅನುಭವಿ ವಿಂಗಡಣೆಗಾರನು ಪ್ಲಾಸ್ಟಿಕ್ ಚೂರಿನ ಬಣ್ಣ, ಬಾಗುವಿಕೆ, ಮುರಿದಾಗಿನ ಸದ್ದುಗಳಿಂದ ಅದರ ಜಾತಿಯನ್ನು ಗುರುತಿಸಬಲ್ಲನು. ಈ ಕೌಶಲಕ್ಕೆ ಪ್ರಮಾಣಪತ್ರವಿಲ್ಲ. ಜೊತೆಗಾರರ ಮನ್ನಣೆಯೇ ಅವನ ಪದವಿ. ಆದರೆ ಇದೇ ಕೋಣೆಯಲ್ಲಿ ಧೂಳು, ಹೊಗೆ, ರಾಸಾಯನಿಕದ ಡಬ್ಬಿಗಳು ಇವೆ. ಕೈಗವಸು ಬಹುಮಟ್ಟಿಗೆ ಇಲ್ಲ. ಕೆಲಸದಲ್ಲಿ ಹೆಮ್ಮೆಯಿದೆ ಎಂಬ ಕಾರಣಕ್ಕೆ ಕೆಲಸದ ಪರಿಸರವನ್ನು ಉಪೇಕ್ಷಿಸುವುದು ಅನ್ಯಾಯವಾಗುತ್ತದೆ. ಎರಡೂ ಅಂಶಗಳು ಬೇರೆ ಬೇರೆ; ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದು.

ನ್ಯಾಯದ ಭಾವನೆ

ಧಾರಾವಿಯ ಉಡುಪು, ಚರ್ಮವಸ್ತು, ಕಸೂತಿ ಘಟಕಗಳಲ್ಲಿ ತುಂಡು ಲೆಕ್ಕದ ಕೂಲಿ ವ್ಯಾಪಕವಾಗಿದೆ. ಎಷ್ಟು ತುಂಡು ಸಿದ್ಧವಾಯಿತೋ ಅಷ್ಟು ಹಣ. ಮೇಲ್ನೋಟಕ್ಕೆ ಇದು ಅತ್ಯಂತ ನಿಷ್ಪಕ್ಷಪಾತವಾದ ಪದ್ಧತಿ. ಆದರೆ ಕೆಲಸಗಾರನು ತನ್ನ ಗಳಿಕೆಯನ್ನು ಒಂಟಿಯಾಗಿ ನೋಡುವುದಿಲ್ಲ. 1963ರಲ್ಲಿ ಜಾನ್ ಸ್ಟೇಸಿ ಆಡಮ್ಸ್ ವಿವರಿಸಿದಂತೆ, ತಾನು ಕೊಟ್ಟದ್ದು ಮತ್ತು ಪಡೆದದ್ದರ ಪ್ರಮಾಣವನ್ನು ಪಕ್ಕದವನು ಕೊಟ್ಟದ್ದು ಮತ್ತು ಪಡೆದದ್ದರ ಪ್ರಮಾಣದೊಡನೆ ಪ್ರತಿಯೊಬ್ಬನೂ ಹೋಲಿಸುತ್ತಾನೆ. ಇಬ್ಬರು ದರ್ಜಿಗಳಿಗೆ ತುಂಡೊಂದಕ್ಕೆ ಒಂದೇ ದರವಿದ್ದರೂ, ಒಬ್ಬನಿಗೆ ಸದಾ ನೇರ ಹೊಲಿಗೆಯ ಸುಲಭ ಮಾಲು, ಇನ್ನೊಬ್ಬನಿಗೆ ಸದಾ ಕಾಲರಿನ ಕಷ್ಟದ ಮಾಲು ದೊರೆತರೆ ಸಮಾನತೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ. ಅನ್ಯಾಯವಾಗಿದೆ ಎಂಬ ಭಾವನೆ ಬಂದವನು ಜಗಳವಾಡಬೇಕೆಂದೇನೂ ಇಲ್ಲ. ಅವನ ಕೈ ನಿಧಾನವಾಗುತ್ತದೆ, ಹೊಲಿಗೆ ಸಡಿಲವಾಗುತ್ತದೆ, ಒಂದು ದಿನ ಅವನು ಪಕ್ಕದ ಗಲ್ಲಿಯ ಘಟಕಕ್ಕೆ ಹೋಗುತ್ತಾನೆ. ಕೆಲಸ ಹಂಚುವ ರೀತಿಯೂ ಕೂಲಿಯ ಒಂದು ಭಾಗವೆಂಬುದನ್ನು ಮಾಲೀಕರು ಮರೆಯಬಾರದು.

ಗುಂಪಿನ ಶಕ್ತಿ

ಅಮೆರಿಕದ ಷಿಕಾಗೋ ನಗರದ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ 1932ರವರೆಗೆ ನಡೆದ ಅಧ್ಯಯನಗಳು ಈ ಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಬೆಳಕನ್ನು ಹೆಚ್ಚಿಸಿದರೆ ಉತ್ಪಾದನೆ ಹೆಚ್ಚುವುದೇ ಎಂಬ ಸರಳ ಪ್ರಶ್ನೆಯಿಂದ ಅವು ಪ್ರಾರಂಭವಾದವು. ಎಲ್ಟನ್ ಮೇಯೋ ಮತ್ತು ಸಂಗಡಿಗರು ಅವುಗಳಿಂದ ತೆಗೆದ ತೀರ್ಮಾನಗಳ ಕೆಲವು ಅಂಶಗಳನ್ನು ನಂತರದ ವಿದ್ವಾಂಸರು ಪ್ರಶ್ನಿಸಿದ್ದಾರೆ. ಆದರೂ ಅವುಗಳ ಕೊನೆಯ ಹಂತದಲ್ಲಿ, 14 ಜನ ಪುರುಷ ಕಾರ್ಮಿಕರ ಕೋಣೆಯೊಂದರಲ್ಲಿ ಕಂಡುಬಂದ ಸಂಗತಿ ಇಂದಿಗೂ ಬೆಲೆಯುಳ್ಳದ್ದು. ಒಂದು ದಿನಕ್ಕೆ ಎಷ್ಟು ಕೆಲಸ ನ್ಯಾಯ ಎಂಬುದನ್ನು ಆ ಗುಂಪು ತಾನೇ ನಿರ್ಧರಿಸಿಕೊಂಡಿತ್ತು. ಹೆಚ್ಚು ಮಾಡಿದವನಿಗೂ ಕಡಿಮೆ ಮಾಡಿದವನಿಗೂ ಜೊತೆಗಾರರ ಹಾಸ್ಯ ಮತ್ತು ಭುಜಕ್ಕೊಂದು ಗುದ್ದು ಸಿದ್ಧವಾಗಿರುತ್ತಿತ್ತು. ಹೆಚ್ಚಿನ ಹಣದ ಆಮಿಷಕ್ಕಿಂತ ಗುಂಪಿನ ಅಲಿಖಿತ ನಿಯಮವೇ ಬಲವಾಗಿತ್ತು.

ಭಾರತದಲ್ಲಿಯೇ ನಡೆದ ಒಂದು ಪ್ರಯೋಗವೂ ಸ್ಮರಣೀಯ. 1953ರಲ್ಲಿ ಅಹಮದಾಬಾದಿನ ಕ್ಯಾಲಿಕೋ ಗಿರಣಿಯಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಸ್ವಯಂಚಾಲಿತ ಮಗ್ಗಗಳ ವಿಭಾಗವನ್ನು ಪರಿಶೀಲಿಸಿದನು. ಹೊಸ ಯಂತ್ರಗಳಿದ್ದರೂ ನಿರೀಕ್ಷಿಸಿದ ಫಲ ದೊರೆತಿರಲಿಲ್ಲ. ಪ್ರತಿಯೊಬ್ಬನಿಗೂ ಒಂದೊಂದು ಬಿಡಿ ಕೆಲಸವನ್ನು ಹಂಚಿದ್ದುದರಿಂದ ಯಾರೂ ಯಾರಿಗೂ ಜೊತೆಗಾರರಾಗಿರಲಿಲ್ಲ. ಒಂದಷ್ಟು ಮಗ್ಗಗಳ ಪೂರ್ಣ ಹೊಣೆಯನ್ನು ಸಣ್ಣ ಗುಂಪೊಂದಕ್ಕೆ ವಹಿಸಿದಾಗ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆಯ ಪ್ರಮಾಣ ಇಳಿಯಿತು.

ಇಂತಹ ಗುಂಪನ್ನು ಯಾರೂ ಬೋಧಿಸದೆಯೇ ಕಟ್ಟಿಕೊಂಡವರು ಕುಂಭಾರವಾಡದ ಕುಂಬಾರರು. ಮಣ್ಣು ಹದಗೊಳಿಸುವುದು, ತಿಗರಿ, ಬಣ್ಣ, ಮಾರಾಟ ಇವೆಲ್ಲ ಒಂದು ಕುಟುಂಬದೊಳಗೆ ಹಂಚಿಕೆಯಾಗಿರುತ್ತವೆ. ಹೆಂಗಸರ ಶ್ರಮವಿಲ್ಲದೆ ಚಕ್ರ ತಿರುಗುವುದಿಲ್ಲ. ಆದರೆ ಮನೆಗಳ ನಡುವಣ ಆವಿಗೆಯನ್ನು ನೆರೆಹೊರೆಯ ಕುಟುಂಬಗಳು ಸರದಿಯ ಮೇಲೆ ಬಳಸುತ್ತವೆ. ದೀಪಾವಳಿಯ ಮುಂಚಿನ ದಿನಗಳಲ್ಲಿ ಎಲ್ಲರಿಗೂ ಆವಿಗೆ ಬೇಕು; ಮಳೆಗಾಲದಲ್ಲಿ ಯಾರಿಗೂ ಒಣಗಿದ ಅಂಗಳವಿಲ್ಲ. ಹೀಗಿದ್ದರೂ ಸರದಿ ನಡೆಯುವುದು ನೆರೆಹೊರೆಯ ಮಾತಿನ ಬಲದಿಂದ. ಇಂದು ಸರದಿ ಮೀರಿದವನಿಗೆ ನಾಳೆ ಅದೇ ನೆರೆಯವರ ಸಹಾಯ ಬೇಕಾಗುತ್ತದೆ.

ಗುಂಪಿನ ಶಕ್ತಿ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆ ಎನ್ನಲಾಗದು. ಊರು, ಭಾಷೆ, ಜಾತಿಗಳ ಆಧಾರದ ಮೇಲೆ ಕೆಲಸ ದೊರಕಿಸಿಕೊಡುವ ಬಳಗವೇ ಹೊರಗಿನವನಿಗೆ ಬಾಗಿಲನ್ನೂ ಮುಚ್ಚುತ್ತದೆ. ಅದೇ ಬಳಗದ ಭಯದಿಂದ ಕೆಲಸಗಾರನು ಬಾಕಿ ಕೂಲಿಯನ್ನು ಕೇಳಲು ಹಿಂಜರಿಯುವುದೂ ಉಂಟು.

ನಾಯಕತ್ವದ ಬಗೆಗಳು

1939ರಲ್ಲಿ ಕುರ್ಟ್ ಲೆವಿನ್ ಮತ್ತು ಸಂಗಡಿಗರು ಬಾಲಕರ ಕೂಟಗಳಲ್ಲಿ ನಡೆಸಿದ ಪ್ರಯೋಗಗಳು ಸರ್ವಾಧಿಕಾರಿ, ಪ್ರಜಾಸತ್ತಾತ್ಮಕ ಹಾಗೂ ಸಡಿಲ ನಾಯಕತ್ವಗಳ ವ್ಯತ್ಯಾಸವನ್ನು ತೋರಿಸಿದವು. ಸರ್ವಾಧಿಕಾರಿಯ ಕೈಕೆಳಗೆ ಕೆಲಸವೇನೋ ನಡೆಯಿತು. ಆದರೆ ಅವನು ಕೋಣೆಯಿಂದ ಹೊರಗೆ ಹೋದೊಡನೆ ನಿಂತಿತು. 1960ರಲ್ಲಿ ಡಗ್ಲಾಸ್ ಮೆಕ್‌ಗ್ರೆಗರ್ ಈ ಭೇದದ ಬೇರನ್ನು ಮುಖ್ಯಸ್ಥನ ನಂಬಿಕೆಯಲ್ಲಿ ಗುರುತಿಸಿದನು. ಮನುಷ್ಯನು ಸ್ವಭಾವತಃ ಸೋಮಾರಿ ಎಂದು ನಂಬಿದವನು ಕಾವಲು ಕಾಯುತ್ತಾನೆ. ಹೊಣೆ ಹೊರಬಲ್ಲವನು ಎಂದು ನಂಬಿದವನು ಹೊಣೆ ಕೊಡುತ್ತಾನೆ. ಎರಡೂ ಸಂದರ್ಭಗಳಲ್ಲಿ ಕೆಲಸಗಾರನು ಬಹುಮಟ್ಟಿಗೆ ಆ ನಂಬಿಕೆಗೆ ತಕ್ಕಂತೆಯೇ ವರ್ತಿಸತೊಡಗುತ್ತಾನೆ.

ಕಸೂತಿಯ ಕಾರ್ಖಾನೆಯಲ್ಲಿ ಮರದ ಚೌಕಟ್ಟಿನ ಸುತ್ತ ಕುಳಿತ ಉಸ್ತಾದನೂ ಶಿಷ್ಯರೂ ಒಂದೇ ಬಟ್ಟೆಯ ಮೇಲೆ ಸೂಜಿಯಾಡಿಸುತ್ತಾರೆ. ಉಸ್ತಾದನ ಅಧಿಕಾರ ಅವನ ಕೈಯಲ್ಲಿದೆಯೇ ಹೊರತು ಕುರ್ಚಿಯಲ್ಲಿ ಇಲ್ಲ. ಇದು ಜ್ಞಾನದಿಂದ ಬಂದ ಅಧಿಕಾರ. ಆದರೆ ಶಿಷ್ಯವೃತ್ತಿಯ ಹೆಸರಿನಲ್ಲಿ ಎಳೆಯ ಮಕ್ಕಳನ್ನು ದುಡಿಸಿಕೊಳ್ಳುವ ಪದ್ಧತಿಗೆ ಕಾನೂನಿನಲ್ಲಿ ಸ್ಥಾನವಿಲ್ಲ. 2016ರ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಕೆಲವೇ ವಿನಾಯಿತಿಗಳ ಹೊರತು ಎಲ್ಲ ಉದ್ಯೋಗಗಳಲ್ಲಿಯೂ ನಿಷೇಧಿಸಿದೆ.

ಪದವಿಯಿಲ್ಲದ ನಾಯಕತ್ವಕ್ಕೆ ಜೋಕಿನ್ ಅರ್ಪುತಂ ಅವರ ಜೀವನ ನಿದರ್ಶನವಾಗಿದೆ. ಕರ್ನಾಟಕದ ಕೋಲಾರ ಚಿನ್ನದ ಗಣಿಯಲ್ಲಿ ಜನಿಸಿದ ಅವರು 1960ರ ದಶಕದಲ್ಲಿ ಮುಂಬಯಿಗೆ ಬಂದು ಬಡಗಿಯ ಕೆಲಸ ಮಾಡಿಕೊಂಡು ಕೊಳೆಗೇರಿಯಲ್ಲಿ ನೆಲೆಸಿದರು. 1970ರ ದಶಕದಲ್ಲಿ ರಾಷ್ಟ್ರೀಯ ಕೊಳೆಗೇರಿ ನಿವಾಸಿಗಳ ಒಕ್ಕೂಟವನ್ನು ಸ್ಥಾಪಿಸಿದರು; ಅದರ ಕಾರ್ಯಕ್ಕೆ ಧಾರಾವಿಯೂ ಕೇಂದ್ರವಾಯಿತು. 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2011ರಲ್ಲಿ ಪದ್ಮಶ್ರೀ ಅವರಿಗೆ ಸಂದವು. 2018ರಲ್ಲಿ ಅವರು ನಿಧನರಾದರು. ನಿವಾಸಿಗಳು ತಮ್ಮ ಮನೆಗಳನ್ನು ತಾವೇ ಎಣಿಸಿ, ನಕ್ಷೆ ಬರೆದು, ಆ ಅಂಕಿಅಂಶಗಳೊಡನೆ ಅಧಿಕಾರಿಗಳ ಮುಂದೆ ಕುಳಿತು ಮಾತನಾಡಬೇಕೆಂಬುದು ಅವರ ಕಾರ್ಯವಿಧಾನ. ಜನರ ಪರವಾಗಿ ಮಾತನಾಡುವುದಕ್ಕಿಂತ ಜನರೇ ಮಾತನಾಡುವಂತೆ ಮಾಡುವುದು ಕಠಿಣವಾದ ನಾಯಕತ್ವ.

ಸಂವಹನ ಮತ್ತು ವಿಶ್ವಾಸ

ಹೇಳಿದ್ದು ಕೇಳಿಸಿದ ಮಾತ್ರಕ್ಕೆ ಸಂವಹನವಾಗುವುದಿಲ್ಲ. ಹೇಳಿದವನನ್ನು ನಂಬಿದಾಗ ಮಾತ್ರ ಅದು ಪೂರ್ಣವಾಗುತ್ತದೆ. 1992–93ರ ಮುಂಬಯಿ ಗಲಭೆಗಳಲ್ಲಿ ಧಾರಾವಿಯೂ ತತ್ತರಿಸಿತು. ಒಬ್ಬರ ಸರಕನ್ನು ಇನ್ನೊಬ್ಬರು ಹೊಲಿಯುವ, ಇನ್ನೊಬ್ಬರ ಸರಕನ್ನು ಮತ್ತೊಬ್ಬರು ಮಾರುವ ಊರಿನಲ್ಲಿ ವಿಶ್ವಾಸ ಮುರಿಯಿತೆಂದರೆ ದುಡಿಮೆಯೇ ಮುರಿಯಿತೆಂದು ಅರ್ಥ. ಆ ಬಳಿಕ ಉಡುಪು ತಯಾರಕರಾದ ವಕಾರ್ ಖಾನ್ ಮತ್ತು ಸಮಾಜಸೇವಕರಾದ ಭಾವು ಕೋರ್ಡೆ ಅವರಂತಹ ಸ್ಥಳೀಯರು ಮೊಹಲ್ಲಾ ಸಮಿತಿಗಳ ಮೂಲಕ ಗಲ್ಲಿಗಲ್ಲಿಯಲ್ಲಿ ಮಾತುಕತೆಯನ್ನು ಮತ್ತೆ ಪ್ರಾರಂಭಿಸಿದರು.

ಇದೇ ಪಾಠ 2020ರಲ್ಲಿ ಮತ್ತೊಮ್ಮೆ ಸ್ಪಷ್ಟವಾಯಿತು. ಆ ವರ್ಷದ ಏಪ್ರಿಲ್ 1ರಂದು ಧಾರಾವಿಯಲ್ಲಿ ಕೋವಿಡ್‌ನ ಮೊದಲ ಪ್ರಕರಣ ಪತ್ತೆಯಾದಾಗ ಮಹಾ ದುರಂತದ ಆತಂಕವಿತ್ತು. ಅಂತರ ಕಾಯ್ದುಕೊಳ್ಳಲು ಸ್ಥಳವಿಲ್ಲದ ಊರಿನಲ್ಲಿ ಮಹಾನಗರಪಾಲಿಕೆಯು ಸ್ಥಳೀಯ ಖಾಸಗಿ ವೈದ್ಯರನ್ನು ಜೊತೆಗೂಡಿಸಿಕೊಂಡು ಮನೆಮನೆಗೆ ತೆರಳಿ ತಪಾಸಣೆ ಕೈಗೊಂಡಿತು. ಜನರು ಬಾಗಿಲು ತೆರೆಯಲು ಪರಿಚಿತ ಮುಖಗಳು ಕಾರಣವಾದವು. ಅದೇ ವರ್ಷದ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು ಧಾರಾವಿಯ ಪ್ರಯತ್ನವನ್ನು ಹೆಸರಿಸಿ ಶ್ಲಾಘಿಸಿದರು.

ಪಾಲುದಾರಿಕೆ

ಧಾರಾವಿಯ ಗಲ್ಲಿಗಳಲ್ಲಿ ಕವುಚಿಹಾಕಿದ ಬಿದಿರ ಬುಟ್ಟಿಗಳ ಮೇಲೆ ಹಪ್ಪಳ ಒಣಗುವ ದೃಶ್ಯ ಪರಿಚಿತವಾದದ್ದು. ಮನೆಯೊಳಗೆ ಒಂಟಿಯಾಗಿ ಲಟ್ಟಿಸುವ ಹೆಂಗಸಿಗೆ ದರವನ್ನು ಚರ್ಚಿಸುವ ಶಕ್ತಿ ಕಡಿಮೆ. ಇದೇ ದುಡಿಮೆ ಸಂಘಟಿತವಾದಾಗ ಏನಾಗಬಲ್ಲದು ಎಂಬುದನ್ನು ಮುಂಬಯಿಯೇ ತೋರಿಸಿದೆ. 1959ರ ಮಾರ್ಚ್ 15ರಂದು ಗಿರಗಾಂವಿನಲ್ಲಿ ಏಳು ಜನ ಮಹಿಳೆಯರು 80 ರೂಪಾಯಿ ಸಾಲದಿಂದ ಪ್ರಾರಂಭಿಸಿದ ಹಪ್ಪಳದ ಉದ್ಯೋಗವು ಶ್ರೀ ಮಹಿಳಾ ಗೃಹ ಉದ್ಯೋಗ ಲಿಜ್ಜತ್ ಪಾಪಡ್ ಎಂಬ ಹೆಸರಿನಲ್ಲಿ ಹಲವು ರಾಜ್ಯಗಳಿಗೆ ಹಬ್ಬಿ, 40 ಸಾವಿರಕ್ಕೂ ಹೆಚ್ಚು ಸದಸ್ಯೆಯರನ್ನು ಪಡೆಯಿತು. ಅಲ್ಲಿ ಲಟ್ಟಿಸುವವಳೂ ಒಡತಿ. ಲಾಭದಲ್ಲಿಯೂ ನಷ್ಟದಲ್ಲಿಯೂ ಪಾಲುಗಾರಳು. ಸದಸ್ಯೆಯರು ಪರಸ್ಪರರನ್ನು ಸಹೋದರಿಯೆಂದೇ ಕರೆಯುತ್ತಾರೆ. ಸ್ಥಾಪಕರಲ್ಲೊಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ದೊರೆಯಿತು. ಹಿಟ್ಟು ಅದೇ, ಲಟ್ಟಣಿಗೆ ಅದೇ, ಬದಲಾದದ್ದು ಸಂಬಂಧ.

ದುಡಿಮೆಯ ಘನತೆ

ಧಾರಾವಿಯಲ್ಲಿ ಸಂತ ಕಕ್ಕಯ್ಯ ಮಾರ್ಗ ಎಂಬ ರಸ್ತೆಯಿದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಸಮಕಾಲೀನರಾಗಿದ್ದ, ಚರ್ಮ ಹದಗೊಳಿಸುವ ಕಾಯಕದ ಡೋಹರ ಕಕ್ಕಯ್ಯನವರ ಹೆಸರು ಅದು. ಅವರ ಸಮಾಧಿಯಿರುವ ಕಕ್ಕೇರಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿದೆ. ಅದೇ ಕಾಯಕದ ಢೋರ್ ಸಮುದಾಯದವರು ಮುಂಬಯಿಗೆ ಬಂದಾಗ ಈ ಹೆಸರನ್ನೂ ತಂದರು. ಸಮಾಜವು ಕೀಳೆಂದು ಕರೆದ ಕೆಲಸವನ್ನು ಮಾಡುವವನು ಯಾರಿಗೂ ಕೀಳಲ್ಲ ಎಂಬ ಶರಣರ ನಿಲುವು ಆಧುನಿಕ ಶಾಸ್ತ್ರವು ಗೌರವದ ಅಗತ್ಯ ಎಂದು ಹೆಸರಿಸಿದ್ದಕ್ಕಿಂತ ಎಂಟು ಶತಮಾನ ಹಿಂದಿನದು. ಕಸಾಯಿಖಾನೆ 1970ರ ದಶಕದಲ್ಲಿ ಬಾಂದ್ರಾದಿಂದ ದೇವನಾರ್‌ಗೆ ಸ್ಥಳಾಂತರಗೊಂಡ ತರುವಾಯ ಧಾರಾವಿಯ ಹದಗೊಳಿಸುವ ಘಟಕಗಳು ಕ್ರಮೇಣ ಮರೆಯಾದವು. ಚೀಲ, ಪಟ್ಟಿ, ಪಾದರಕ್ಷೆಗಳ ತಯಾರಿಕೆ ಉಳಿಯಿತು. ಉದ್ಯಮದ ರೂಪ ಬದಲಾದರೂ ಹೆಸರು ರಸ್ತೆಯ ಮೇಲಿದೆ.

ಬದಲಾವಣೆಯ ಎದುರಿನಲ್ಲಿ

ಇಂದು ಧಾರಾವಿ ತನ್ನ ಇತಿಹಾಸದ ಅತಿ ದೊಡ್ಡ ಬದಲಾವಣೆಯ ಎದುರಿನಲ್ಲಿದೆ. 2004ರಲ್ಲಿ ಮಹಾರಾಷ್ಟ್ರ ಸರ್ಕಾರವು ಪುನರಭಿವೃದ್ಧಿ ಯೋಜನೆಗೆ ಒಪ್ಪಿಗೆ ನೀಡಿತು; ಹಲವು ಟೆಂಡರುಗಳ ಬಳಿಕ 2022ರಲ್ಲಿ ಅದಾನಿ ಸಮೂಹದ ಬಿಡ್ ಅತ್ಯಧಿಕವಾಗಿ ಹೊಮ್ಮಿತು; 2024ರಲ್ಲಿ ಮನೆ ಹಾಗೂ ಘಟಕಗಳ ಸಮೀಕ್ಷೆ ಪ್ರಾರಂಭವಾಯಿತು. ಶೌಚಾಲಯ, ಗಾಳಿ, ಬೆಳಕುಗಳಿರುವ ಮನೆ ಯಾರಿಗೆ ಬೇಡ? ಆದರೂ ಅನೇಕರು ಆತಂಕಗೊಂಡಿದ್ದಾರೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ.

ಅಮೆರಿಕದ ವರ್ಜೀನಿಯಾದ ಪೈಜಾಮ ತಯಾರಿಸುವ ಕಾರ್ಖಾನೆಯೊಂದರಲ್ಲಿ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ನಡೆಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಪ್ರಸ್ತುತವಾಗುತ್ತದೆ. ಕೆಲಸದ ವಿಧಾನವನ್ನು ಬದಲಿಸಬೇಕಾದಾಗ ಒಂದು ಗುಂಪಿಗೆ ಆದೇಶವನ್ನು ತಿಳಿಸಲಾಯಿತು. ಇತರ ಗುಂಪುಗಳನ್ನು ಬದಲಾವಣೆಯ ರೂಪರೇಖೆಯಲ್ಲಿಯೇ ಸೇರಿಸಿಕೊಳ್ಳಲಾಯಿತು. ಆದೇಶ ಪಡೆದ ಗುಂಪಿನಲ್ಲಿ ಉತ್ಪಾದನೆ ಕುಸಿಯಿತು, ಕೆಲವರು ಕೆಲಸವನ್ನೇ ತೊರೆದರು. ಭಾಗವಹಿಸಿದ ಗುಂಪುಗಳು ಬೇಗನೆ ಚೇತರಿಸಿಕೊಂಡು ಹಿಂದಿನ ಮಟ್ಟವನ್ನೂ ಮೀರಿದವು. ಮನುಷ್ಯನು ಬದಲಾವಣೆಗಿಂತ ಹೆಚ್ಚಾಗಿ ತನ್ನನ್ನು ಕೇಳದೆ ಮಾಡಿದ ಬದಲಾವಣೆಯನ್ನು ವಿರೋಧಿಸುತ್ತಾನೆ.

ಕುಂಭಾರವಾಡದ ಆವಿಗೆಯನ್ನು ಹತ್ತನೆಯ ಮಹಡಿಗೆ ಏರಿಸಲಾಗದು. ಹಪ್ಪಳಕ್ಕೆ ಬಿಸಿಲು ಬೇಕು. ಚೀಲ ಹೊಲಿಯುವವನಿಗೆ ಕೊಂಡಿ ಮಾರುವವನು ಕೂಗಳತೆಯಲ್ಲಿರಬೇಕು. ಸಾಲ ಕೊಡುವ ನೆರೆಯವನು, ಕೆಲಸ ಕಲಿಸುವ ಉಸ್ತಾದ, ಸರದಿಯನ್ನು ಕಾಯುವ ಮಾತು ಇವು ಯಾವ ಅಳತೆಪಟ್ಟಿಯಲ್ಲಿಯೂ ಸಿಗುವುದಿಲ್ಲ. ಚದರ ಅಡಿಗಳನ್ನು ಮಾತ್ರ ಎಣಿಸಿ ಈ ಸಂಬಂಧಗಳನ್ನು ಎಣಿಸದೆ ಹೋದರೆ ಕಟ್ಟಡ ಏಳಬಹುದು, ದುಡಿಮೆ ಬೀಳಬಹುದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಮಾತುಗಳು ಸ್ಪಷ್ಟವಾಗುತ್ತವೆ. ಕೂಲಿಯು ಅವಶ್ಯಕ, ಆದರೆ ಕೂಲಿಯೊಂದೇ ಪ್ರೇರಣೆಯಲ್ಲ. ಕೆಲಸಗಾರನು ತನಗೆ ದೊರೆತದ್ದನ್ನು ಸದಾ ನೆರೆಯವನದರೊಡನೆ ತೂಗುತ್ತಾನೆ. ಗುಂಪಿನ ಅಲಿಖಿತ ನಿಯಮವನ್ನು ಅರಿಯದೆ ಹೊರಡಿಸಿದ ಲಿಖಿತ ನಿಯಮ ಫಲಿಸುವುದಿಲ್ಲ. ನಂಬಿಕೆಯಿಂದ ಹೊಣೆ ಬೆಳೆಯುತ್ತದೆ, ಅನುಮಾನದಿಂದ ಮೈಗಳ್ಳತನ ಬೆಳೆಯುತ್ತದೆ. ಸುರಕ್ಷತೆ ಹಾಗೂ ಆರೋಗ್ಯಗಳು ಮಾಲೀಕನ ಕೃಪೆಯಲ್ಲ, ದುಡಿಯುವವನ ಹಕ್ಕು. ಅಸಂಘಟಿತ ವಲಯದ ಕಾರ್ಮಿಕರು 2021ರಲ್ಲಿ ಪ್ರಾರಂಭವಾದ ಇ-ಶ್ರಮ್ ವ್ಯವಸ್ಥೆಯಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳುವುದು ಆ ಹಕ್ಕಿನೆಡೆಗೆ ಒಂದು ಹೆಜ್ಜೆ.

ಬೆಂಗಳೂರಿನ ಪೀಣ್ಯದ ಸಣ್ಣ ಘಟಕವಿರಲಿ, ಇಳಕಲ್ಲಿನ ನೇಕಾರರ ಮನೆಯಿರಲಿ, ಚನ್ನಪಟ್ಟಣದ ಗೊಂಬೆಯ ಕಾರ್ಖಾನೆಯಿರಲಿ, ಈ ತತ್ತ್ವಗಳು ಅಲ್ಲಿಯೂ ಅನ್ವಯಿಸುತ್ತವೆ. ಧಾರಾವಿಯ ಜನ ಬಹುಕಾಲದಿಂದ ಸಂಘಟಿತರೇ ಆಗಿದ್ದಾರೆ. ಆ ಸಂಘಟನೆಯನ್ನು ಕಾಣುವ ಕಣ್ಣು ಆಡಳಿತಕ್ಕೂ ಉದ್ಯಮಕ್ಕೂ ಸಮಾಜಕ್ಕೂ ಬರಬೇಕಾಗಿದೆ.